ಪ್ಯಾಚ್‌ನಲ್ಲಿ ಸಿಕ್ಕಿತು, ಸರಿ. ಯಾವ ಸಾಲಿನಲ್ಲಿ ಸಿಕ್ಕಿತು?

(ಮೈಸೂರಿನಲ್ಲಿ ಕಂಪ್ಯೂಟರ್ ಸೈನ್ಸ್ ಓದುತ್ತಿರುವ ಹುಡುಗ ಹುಡುಗಿಯರ ಮುಂದೆ ಆಡಿದ ಮಾತು ಇದು. ಟರ್ಮಿನಲ್ ತೆರೆದಿಟ್ಟುಕೊಂಡು ಮಾತಾಡಿದ್ದು, ಹಾಗಾಗಿ ಬರಹಕ್ಕೆ ಇಳಿಸುವಾಗ ಅಲ್ಲಲ್ಲಿ ಸರಿ ಮಾಡಿದ್ದೇನೆ. ಕಮಾಂಡ್‌ಗಳನ್ನೂ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ ಹಾಕಿಕೊಳ್ಳಿ.)

ಎಲ್ಲರಿಗೂ ನಮಸ್ಕಾರ. ಊಟ ಆದ ಮೇಲಿನ ಹೊತ್ತು, ಕಣ್ಣು ಎಳೆಯುತ್ತಿರುತ್ತದೆ ಅಂತ ಗೊತ್ತು. ಅದಕ್ಕೇ ನನ್ನ ಮರ್ಯಾದೆ ಹೋದ ಕಥೆಯಿಂದಲೇ ಶುರು ಮಾಡುತ್ತೇನೆ.

ಕೆಲವು ವರ್ಷದ ಹಿಂದೆ ಒಂದು ಕಂಪನಿಯಲ್ಲಿದ್ದೆ. ಹೆಸರು ಬೇಡ. ಹೊರಗಿನಿಂದ ಬಂದ ಒಂದು ಲೈಬ್ರರಿಗೆ (ಬೇರೆಯವರು ಬರೆದಿಟ್ಟ ಕೋಡ್) ನಾವೇ ತೇಪೆ ಹಾಕಿಕೊಂಡು ಬಳಸುತ್ತಿದ್ದೆವು. ಒಂದು ಫೋಲ್ಡರ್‌ನಲ್ಲಿ 14 ಪ್ಯಾಚ್ ಫೈಲ್ (ಕೋಡಿನಿಂದ ಯಾವ ಸಾಲು ತೆಗೆಯಬೇಕು, ಯಾವುದು ಸೇರಿಸಬೇಕು ಅಂತ ಬರೆದಿಟ್ಟ ಫೈಲ್), ಒಂದರ ಮೇಲೊಂದು ಹಾಕುವುದು. ಆ ಲೈಬ್ರರಿಯಲ್ಲಿ ಒಂದು ಭದ್ರತಾ ದೋಷ ಸಿಕ್ಕಿತ್ತು. ಬಂದ ಡೇಟಾದ ಉದ್ದ ಎಷ್ಟು ಅಂತ ನೋಡದೆ ಬಫರ್‌ಗೆ, ಅಂದರೆ ಅಳತೆ ಗೊತ್ತುಮಾಡಿದ ಮೆಮೊರಿ ಜಾಗಕ್ಕೆ, ಸುರಿಯುತ್ತಿತ್ತು. ಪರಿಹಾರ ಸುಲಭ, ಉದ್ದ ಪರೀಕ್ಷಿಸುವ ಒಂದು ಫಂಕ್ಷನ್ ಮೊದಲೇ ಇತ್ತು, ಅದನ್ನು ಇನ್ನೊಂದು ಜಾಗದಲ್ಲಿ ಕರೆದರೆ ಆಯಿತು. ಶುಕ್ರವಾರ ಸಂಜೆ ಐದೂವರೆಗೆ ಮ್ಯಾನೇಜರ್ ಬಂದು ಕೇಳಿದರು: "ಆ ಫಿಕ್ಸ್ ನಮ್ಮ ಪ್ಯಾಚ್‌ಗಳಲ್ಲಿ ಹೋಗಿದೆಯಾ? ಕಸ್ಟಮರ್ ಕೇಳ್ತಿದ್ದಾರೆ."

ನಾನು ಏನು ಮಾಡಿದೆ? ನೀವು ಏನು ಮಾಡುತ್ತಿದ್ದಿರೋ ಅದನ್ನೇ ಮಾಡಿದೆ. ಫೋಲ್ಡರ್‌ಗೆ ಹೋಗಿ ಗ್ರೆಪ್ (ಫೈಲ್‌ಗಳಲ್ಲಿ ಪದ ಹುಡುಕುವ ಕಮಾಂಡ್) ಹೊಡೆದೆ, ಆ ಫಂಕ್ಷನ್ ಹೆಸರು ಕೊಟ್ಟು. ಎರಡು ಕಡೆ ಸಿಕ್ಕಿತು. "ಹೋಗಿದೆ ಸರ್" ಅಂದೆ, ಮೇಲ್ ಕೂಡ ಬರೆದೆ, ಬ್ಯಾಗ್ ಹೆಗಲಿಗೆ ಹಾಕಿಕೊಂಡು ಬಸ್ ಹತ್ತಿದೆ.

ಸೋಮವಾರ ಬೆಳಗ್ಗೆ ಟೆಸ್ಟಿಂಗ್‌ನವರು ಹೇಳಿದರು, ಹೋಗಿಲ್ಲ ಅಂತ.

ಫೈಲ್ ತೆರೆದು ನೋಡಿದೆ. ನನಗೆ ಸಿಕ್ಕಿದ್ದ ಎರಡರಲ್ಲಿ ಒಂದು, ಎರಡು ಅಟ್ ಗುರುತುಗಳ (@@) ಪಕ್ಕ ಬರುವ ತಲೆಬರಹದಲ್ಲಿ ಇತ್ತು. ಅಂದರೆ "ಈ ಬದಲಾವಣೆ ಇಂಥ ಫಂಕ್ಷನ್ ಒಳಗೆ ಇದೆ" ಅಂತ ಡಿಫ್ (ಎರಡು ಫೈಲ್ ಹೋಲಿಸಿ ಪ್ಯಾಚ್ ತಯಾರಿಸುವ ಪ್ರೋಗ್ರಾಂ) ತಾನಾಗೇ ಬರೆದುಕೊಂಡ ಗುರುತು. ಇನ್ನೊಂದು ಪಕ್ಕದ ಸಾಲು, ಸುಮ್ನೆ ಅಲ್ಲಿ ನಿಂತಿದ್ದ ಹಳೇ ಸಾಲು. ಹೊಸದಾಗಿ ಸೇರಿಸಿದ ಸಾಲಿನಲ್ಲಿ ಆ ಹೆಸರೇ ಇರಲಿಲ್ಲ. ಫಿಕ್ಸ್ ಇದ್ದ ಪ್ಯಾಚ್ ನಮ್ಮ ಫೋಲ್ಡರ್‌ಗೆ ಬಂದೇ ಇರಲಿಲ್ಲ! ಗ್ರೆಪ್ ಸುಳ್ಳು ಹೇಳಲಿಲ್ಲ. ಇದೆಯಾ ಅಂತ ಕೇಳಿದೆ, ಇದೆ ಅಂದಿತು. ನಾನು ಕೇಳಬೇಕಿದ್ದದ್ದು "ಬಂತಾ" ಅಂತ.

ಇವತ್ತಿನ ನನ್ನ ಮಾತು ಇಷ್ಟೇ. ಪ್ಯಾಚ್‌ನಲ್ಲಿ ಒಂದು ಪದ ಸಿಕ್ಕಿದರೆ ಅದು ಬಂದದ್ದಾ, ಹೋದದ್ದಾ, ಇಲ್ಲಾ ಪಕ್ಕದಲ್ಲಿ ನಿಂತು ನೋಡುತ್ತಿದ್ದದ್ದಾ ಅಂತ ತಿಳಿಯದೆ ಬಾಯಿ ಬಿಡಬಾರದು.

ಪ್ಯಾಚ್ ಹೇಗಿರುತ್ತದೆ ಅಂತ ಒಮ್ಮೆ ಕಣ್ಣಾರೆ ನೋಡೋಣ. ಕೋಡ್ ಬೇಡ, ಹೋಟೆಲಿನ ದರಪಟ್ಟಿ ತಗೊಳ್ಳಿ. ಲಿನಕ್ಸ್‌ನಲ್ಲಿ ಫೈಲ್ ಹೆಸರು ಕನ್ನಡದಲ್ಲಿದ್ದರೂ ನಡೆಯುತ್ತದೆ.

--- ಹಳೇದು/ದರಪಟ್ಟಿ
+++ ಹೊಸದು/ದರಪಟ್ಟಿ
@@ -4,6 +4,6 @@
 ಇಡ್ಲಿ ಎರಡಕ್ಕೆ 40
 ವಡೆ ಒಂದಕ್ಕೆ 30
 ಖಾರಾಬಾತ್ 45
-ಮಸಾಲೆ ದೋಸೆ 70
+ಮಸಾಲೆ ದೋಸೆ 80
 ಕಾಫಿ 20
 ಟೀ 15

ಮೈನಸ್ ಇರುವ ಸಾಲು ಹೋಯಿತು, ಪ್ಲಸ್ ಇರುವುದು ಬಂತು. ಮುಂದೆ ಖಾಲಿ ಜಾಗ ಇರುವ ಸಾಲುಗಳು ಬದಲಾಗಿಲ್ಲ. ಮಧ್ಯದ ಅಟ್ ಗುರುತಿನ ಸಾಲು ಹೇಳುವುದು, ಹಳೇ ಫೈಲಿನ 4ನೇ ಸಾಲಿನಿಂದ 6 ಸಾಲು, ಹೊಸದರಲ್ಲೂ 4ರಿಂದ 6 ಸಾಲು ಅಂತ. ಆ ಸಾಲಿನಿಂದ ಹಿಡಿದು ಮುಂದಿನ ಅಂಥ ಸಾಲಿನವರೆಗಿನ ತುಂಡಿಗೆ ಹಂಕ್ ಅನ್ನುತ್ತೇವೆ.

ಬದಲಾಗದ ಸಾಲುಗಳನ್ನು ಯಾಕೆ ಹೊತ್ತುಕೊಂಡು ಬರಬೇಕು? ನಮ್ಮೂರಿನ ವಿಳಾಸ ನೆನಪಿಸಿಕೊಳ್ಳಿ. ಮನೆ ನಂಬರ್ ಬರೆದು ಸುಮ್ಮನಾಗುತ್ತೇವಾ? "ಆಲದ ಮರದ ಹತ್ತಿರ, ರೇಷನ್ ಅಂಗಡಿ ಎದುರು" ಅಂತ ಸೇರಿಸುತ್ತೇವೆ, ಯಾಕೆಂದರೆ ನಂಬರ್ ಯಾವಾಗ ಬದಲಾಗುತ್ತದೋ ಯಾರಿಗೆ ಗೊತ್ತು, ಮರ ಅಲ್ಲೇ ಇರುತ್ತದೆ. ಪ್ಯಾಚ್‌ನದೂ ಅದೇ ಕಥೆ. ನಾನು ಪ್ಯಾಚ್ ಮಾಡಿ ಕಳಿಸುವಷ್ಟರಲ್ಲಿ ನೀವು ಫೈಲಿನ ಮೇಲ್ಗಡೆ ಹತ್ತು ಸಾಲು ಸೇರಿಸಿರುತ್ತೀರಿ, 4ನೇ ಸಾಲು 14 ಆಗಿರುತ್ತದೆ. ಆಗ ಪ್ಯಾಚ್ ಪ್ರೋಗ್ರಾಂ ಅಕ್ಕಪಕ್ಕದ ಸಾಲು ಹುಡುಕಿಕೊಂಡು ಹೋಗಿ, ಸರಿಯಾದ ಮನೆ ಬಾಗಿಲು ತಟ್ಟುತ್ತದೆ. ಸಾಮಾನ್ಯವಾಗಿ ಮೇಲೆ ಮೂರು, ಕೆಳಗೆ ಮೂರು ಸಾಲು. ನಮ್ಮ ದರಪಟ್ಟಿ ಟೀ ಹತ್ತಿರ ಮುಗಿದುಹೋಗಿದ್ದರಿಂದ ಕೆಳಗೆ ಎರಡೇ ಬಂದಿದೆ.

ನಾನು ಆ ಶುಕ್ರವಾರ ಮಾಡಿದ ತಪ್ಪು ಏನು ಅಂದರೆ, ವಿಳಾಸದಲ್ಲಿ "ಆಲದ ಮರ" ಅನ್ನೋ ಪದ ನೋಡಿ, ಇವರು ಮರದಲ್ಲೇ ವಾಸ ಮಾಡುತ್ತಾರೆ ಅಂದುಕೊಂಡಿದ್ದು.

ಸ್ವಲ್ಪ ಹಳೇ ಕಥೆ, ಬೇಗ ಮುಗಿಸುತ್ತೇನೆ. ಗ್ರೆಪ್ ಬಂದದ್ದು 1973ರಲ್ಲಿ, ಬೆಲ್ ಲ್ಯಾಬ್ಸ್‌ನಲ್ಲಿ, ಕೆನ್ ಥಾಂಪ್ಸನ್ ಕೈಯಿಂದ. ಹೆಸರು ಇಡಿ ಅನ್ನೋ ಎಡಿಟರ್‌ನ ಒಂದು ಕಮಾಂಡ್‌ನಿಂದ ಬಂತು: ಫೈಲ್ ಪೂರ್ತಿ ಹುಡುಕು, ಈ ನಮೂನೆ ಇರುವ ಸಾಲುಗಳನ್ನು ಪ್ರಿಂಟ್ ಮಾಡು. ಮರುವರ್ಷ ಅದೇ ಜಾಗದಲ್ಲಿ ಡಗ್ಲಸ್ ಮ್ಯಾಕಿಲ್ರಾಯ್ ಅವರ ಡಿಫ್ ಬಂತು. ಡಿಫ್ ಕೊಟ್ಟ ಬದಲಾವಣೆಯನ್ನು ತಿರುಗಿ ಫೈಲಿಗೆ ಹಚ್ಚುವ ಪ್ಯಾಚ್ ಪ್ರೋಗ್ರಾಂ ಬರಬೇಕಾದರೆ 1985 ಆಯಿತು. ಅದನ್ನು ಬರೆದವರು ಲ್ಯಾರಿ ವಾಲ್, ಪರ್ಲ್ ಭಾಷೆ ಹುಟ್ಟುಹಾಕಿದವರೇ. ಈಗ ನೋಡಿದಿರಲ್ಲ, ಪ್ಲಸ್ ಮೈನಸ್ ಒಂದೇ ಕಡೆ ಬೆರೆತ ಈ ರೂಪ, ಅದು 1990ರದ್ದು, ವೇನ್ ಡೇವಿಸನ್ ಮಾಡಿದ್ದು. ಪ್ಯಾಚ್ ಅಂದರೆ ಮೊದಲು ನಿಜವಾಗಿಯೂ ತೇಪೆಯೇ ಆಗಿತ್ತು. ಪ್ರೋಗ್ರಾಂ ಇದ್ದ ಪೇಪರ್ ಟೇಪಿನಲ್ಲಿ ತಪ್ಪಿರುವ ಭಾಗ ಕತ್ತರಿಸಿ ಹೊಸ ತುಂಡು ಅಂಟಿಸುತ್ತಿದ್ದರು.

ಈಗ ದರಪಟ್ಟಿಗೆ ಬನ್ನಿ. ಈ ಪ್ಯಾಚ್ ಮೇಲೆ ಗ್ರೆಪ್‌ನಿಂದ "ವಡೆ" ಹುಡುಕಿ. ಒಂದು ಸಾಲು ಬರುತ್ತದೆ. ವಡೆ ರೇಟು ಬದಲಾಯಿತಾ? ಇಲ್ಲ. "ದೋಸೆ" ಹುಡುಕಿ, ಎರಡು ಸಾಲು ಬರುತ್ತದೆ. ಎರಡು ಬದಲಾವಣೆಯಾ? ಒಂದೇ. ಇಲ್ಲಿ ಹತ್ತೇ ಸಾಲು, ಕಣ್ಣಿಗೆ ಕಾಣುತ್ತದೆ. ನಲವತ್ತು ಸಾವಿರ ಸಾಲಿನ ಪ್ಯಾಚ್ ಆದರೆ, ಅದರಲ್ಲಿ ಮುನ್ನೂರು ಫೈಲ್ ಇದ್ದರೆ, ಸಿಕ್ಕಿದ ಸಾಲು ಯಾವ ಫೈಲಿನದು ಅಂತಲೂ ಗ್ರೆಪ್ ಹೇಳುವುದಿಲ್ಲ. ಅದಕ್ಕೆ ಕಾಣುವುದು ಒಂದೇ ಫೈಲ್, ಪ್ಯಾಚ್ ಫೈಲ್. ಒಳಗಿನ ಮುನ್ನೂರು ಅದರ ಲೆಕ್ಕಕ್ಕೇ ಇಲ್ಲ.

ಇಲ್ಲಿ ಜಾಣರು ಕೆಲವರು ಇರುತ್ತಾರೆ, ಪ್ಲಸ್‌ನಿಂದ ಶುರುವಾಗುವ ಸಾಲು ಮಾತ್ರ ಹುಡುಕಿದರೆ ಆಯಿತಲ್ಲ ಅನ್ನುತ್ತಾರೆ. ಕ್ಯಾರಟ್ ಗುರುತು (^, ಸಾಲಿನ ಶುರು ಅಂತ ಅರ್ಥ), ಆಮೇಲೆ ಪ್ಲಸ್, ಆಮೇಲೆ ಎಲ್ಲಾದರೂ ನಮ್ಮ ಪದ. ನಾನೂ ಎಷ್ಟೋ ವರ್ಷ ಅದನ್ನೇ ಮಾಡಿದ್ದೇನೆ, ಅರ್ಜೆಂಟಿಗೆ ಈಗಲೂ ಮಾಡುತ್ತೇನೆ. ಆದರೆ ಫೈಲ್ ಹೆಸರಿನ ಸಾಲೂ ಮೂರು ಪ್ಲಸ್‌ನಿಂದಲೇ ಶುರುವಾಗುತ್ತದೆ, ಅದೂ ಬಲೆಗೆ ಬೀಳುತ್ತದೆ. ಇನ್ನೊಂದು ತಮಾಷೆ ಇದೆ. ಎಸ್‌ಕ್ಯೂಎಲ್‌ನಲ್ಲಿ ಕಾಮೆಂಟ್ ಶುರುವಾಗುವುದು ಎರಡು ಮೈನಸ್‌ನಿಂದ, ಅಲ್ವಾ? ಅಂಥ ಒಂದು ಕಾಮೆಂಟ್ ಅಳಿಸಿದರೆ ಡಿಫ್ ಮುಂದೆ ಒಂದು ಮೈನಸ್ ಹಾಕುತ್ತದೆ. ಒಟ್ಟು ಮೂರು ಮೈನಸ್, ಮುಂದೆ ಒಂದು ಖಾಲಿ ಜಾಗ. ನೋಡುವವರಿಗೆ ಹೊಸ ಫೈಲಿನ ತಲೆಬರಹದ ಥರವೇ ಕಾಣುತ್ತದೆ. ಹಂಕ್‌ನ ತಲೆಯಲ್ಲಿ ಬರೆದ ಸಾಲಿನ ಲೆಕ್ಕ ಎಣಿಸಿಕೊಂಡು ಹೋದವರಿಗೆ ಮಾತ್ರ ಇದು ಅಳಿಸಿದ ಕಾಮೆಂಟ್ ಅಂತ ಗೊತ್ತಾಗುವುದು. ಗ್ರೆಪ್ ಎಣಿಸುವುದಿಲ್ಲ.

ಎಣಿಸುವವರು ಬೇರೆ ಇದ್ದಾರೆ. ಪ್ಯಾಚ್‌ಯುಟಿಲ್ಸ್ ಅಂತ ಒಂದು ಪ್ಯಾಕೇಜ್ ಇದೆ, ಟಿಮ್ ವಾ ಅನ್ನುವವರು ಬರೆದದ್ದು. ಡೆಬಿಯನ್, ಉಬುಂಟು, ಫೆಡೋರಾ, ಲಿನಕ್ಸ್‌ನ ಈ ಬಗೆಗಳಲ್ಲಿ ಯಾವುದರಲ್ಲಿ ಬೇಕಾದರೂ ಅದೇ ಹೆಸರಿನಲ್ಲಿ ಸಿಗುತ್ತದೆ. ಅದರೊಳಗೆ ಒಂದು ಡಜನ್‌ಗೂ ಜಾಸ್ತಿ ಸಣ್ಣ ಸಣ್ಣ ಸಾಮಾನು. ಪ್ಯಾಚ್‌ನಲ್ಲಿ ಯಾವ್ಯಾವ ಫೈಲ್ ಇದೆ ಅಂತ ಹೇಳಲು ಎಲ್‌ಎಸ್‌ಡಿಫ್, ಬೇಕಾದ ಫೈಲಿನದ್ದು ಮಾತ್ರ ಬೇರ್ಪಡಿಸಲು ಫಿಲ್ಟರ್‌ಡಿಫ್, ಒಂದೇ ಪ್ಯಾಚ್‌ನ ಎರಡು ಆವೃತ್ತಿಗಳ ನಡುವೆ ಏನು ಬದಲಾಯಿತು ನೋಡಲು ಇಂಟರ್‌ಡಿಫ್. ಇವತ್ತು ನಮಗೆ ಬೇಕಾದ್ದು ಗ್ರೆಪ್‌ಡಿಫ್.

ಗ್ರೆಪ್‌ಡಿಫ್‌ಗೆ ಒಂದು ನಮೂನೆ ಕೊಟ್ಟು ಒಂದು ಪ್ಯಾಚ್ ಕೊಟ್ಟರೆ, ಆ ನಮೂನೆ ಯಾವ ಫೈಲಿನ ಬದಲಾವಣೆಯಲ್ಲಿ ಇದೆಯೋ ಆ ಫೈಲಿನ ಹೆಸರು ಹೇಳುತ್ತದೆ. ಸಾಲು ಕೊಡುವುದಿಲ್ಲ, ಹೆಸರು ಕೊಡುತ್ತದೆ. ಮೊದಲ ಸಲ ಓಡಿಸಿದಾಗ ನನಗೆ ಇದೇನು ಜಿಪುಣತನ ಅನಿಸಿತ್ತು. ಆಮೇಲೆ ಅರ್ಥವಾಯಿತು, ಮುನ್ನೂರು ಫೈಲಿನ ಪ್ಯಾಚ್ ಕೈಯಲ್ಲಿದ್ದಾಗ ಮೊದಲು ಬೇಕಾಗುವುದು ಅದೇ.

ಪೂರ್ತಿ ನೋಡಬೇಕು ಅಂದರೆ --ಔಟ್‌ಪುಟ್-ಮ್ಯಾಚಿಂಗ್=ಹಂಕ್ ಅಂತ ಹಾಕಿ. ನಮೂನೆ ಸಿಕ್ಕಿದ ಹಂಕ್ ಮಾತ್ರ, ಅದರ ಫೈಲ್ ತಲೆಬರಹದ ಜೊತೆ, ಹೊರಗೆ ಬರುತ್ತದೆ. ಗಮನಿಸಿ, ಹೊರಗೆ ಬಂದದ್ದೂ ಒಂದು ಪ್ಯಾಚ್. ಇದನ್ನು ಇನ್ನೊಂದು ಕಡೆ ಹಚ್ಚಬಹುದು. ಹಂಕ್ ಬದಲು ಫೈಲ್ ಅಂತ ಕೊಟ್ಟರೆ ಆ ಫೈಲಿನ ಎಲ್ಲ ಬದಲಾವಣೆಯೂ ಬರುತ್ತದೆ.

ಈಗ ಮುಖ್ಯವಾದದ್ದು. ಗ್ರೆಪ್‌ಡಿಫ್ ಅನ್ನು ಸುಮ್ನೆ ಹಾಗೇ ಓಡಿಸಿದರೆ ಅದೂ ಪಕ್ಕದ ಸಾಲುಗಳಲ್ಲಿ ಹುಡುಕುತ್ತದೆ. ಅಂದರೆ "ವಡೆ" ಕೇಳಿದರೆ ದರಪಟ್ಟಿ ಅಂತ ಉತ್ತರ ಕೊಡುತ್ತದೆ. ಆ ಶುಕ್ರವಾರ ನನ್ನ ಹತ್ತಿರ ಗ್ರೆಪ್‌ಡಿಫ್ ಇದ್ದಿದ್ದರೂ, ಹೀಗೇ ಓಡಿಸಿದ್ದರೆ, ನಾನು ಮುಳುಗುತ್ತಿದ್ದೆ. ಹಾಗಾಗಿ --ಓನ್ಲಿ-ಮ್ಯಾಚ್ ಅನ್ನೋ ಆಪ್ಷನ್ ಕಲಿಯಿರಿ. ಅದಕ್ಕೆ ಆಡ್ ಅಂದರೆ ಬಂದ ಸಾಲು ಮಾತ್ರ, ರೆಮ್ ಅಂದರೆ ಹೋದ ಸಾಲು ಮಾತ್ರ, ಮಾಡ್ ಅಂದರೆ ಬಂದದ್ದು ಹೋದದ್ದು ಎರಡೂ, ಆಲ್ ಅಂದರೆ ಎಲ್ಲ. ಮಾಡ್ ಹಾಕಿ "ವಡೆ" ಕೇಳಿ ನೋಡಿ. ಏನೂ ಬರುವುದಿಲ್ಲ. ಸರಿಯಾದ ಉತ್ತರ ಅದೇ.

ನನ್ನ ಕೇಸಿನಲ್ಲಿ ಆಡ್ ಹಾಕಬೇಕಿತ್ತು. ಜೊತೆಗೆ ಕ್ಯಾಪಿಟಲ್ ಎಚ್ ಹಾಕಿದ್ದರೆ 14 ಪ್ಯಾಚ್‌ನಲ್ಲಿ ಯಾವುದರಲ್ಲಿ ಸಿಕ್ಕಿತು ಅನ್ನೋದನ್ನೂ ಹೇಳುತ್ತಿತ್ತು. ಒಂದು ಸಾಲಿನ ಕಮಾಂಡ್, ಖಾಲಿ ಉತ್ತರ, "ಇಲ್ಲ ಸರ್, ಹೋಗಿಲ್ಲ" ಅನ್ನೋ ಮೇಲ್. ಶನಿವಾರ ಭಾನುವಾರ ಕೆಲಸ ಮಾಡಬೇಕಾಗುತ್ತಿತ್ತು, ಆ ಮಾತು ಬೇರೆ.

ಹಾಗಾದರೆ ಯಾವಾಗಲೂ ಆಡ್, ರೆಮ್ ಹಾಕಿಕೊಂಡರೆ ಕ್ಷೇಮವಾ? ನಾನೂ ಹಾಗೇ ಅಂದುಕೊಂಡಿದ್ದೆ. ಇಲ್ಲಿ ಒಂದು ನಿಜವಾದ ಘಟನೆ ಹೇಳಬೇಕು, ನೀವು ಹುಡುಕಿದರೆ ಇದರ ಪ್ಯಾಚ್ ಇವತ್ತಿಗೂ ನೋಡಲು ಸಿಗುತ್ತದೆ.

2006ರ ಮೇ ತಿಂಗಳು. ಡೆಬಿಯನ್‌ನಲ್ಲಿ ಓಪನ್‌ಎಸ್‌ಎಸ್‌ಎಲ್ ಪ್ಯಾಕೇಜ್‌ಗೆ (ಗುಟ್ಟಿನ ಸಂವಹನಕ್ಕೆ ಬೇಕಾದ ಕೀಗಳನ್ನು ತಯಾರಿಸುವ ಲೈಬ್ರರಿ) ಒಂದು ಸಣ್ಣ ತೇಪೆ ಬಿತ್ತು. ವಾಲ್‌ಗ್ರೈಂಡ್ ಅನ್ನೋ ಟೂಲ್ ಓಡಿಸಿದರೆ, ಬೆಲೆ ತುಂಬದ ಮೆಮೊರಿಯನ್ನು ಓದುತ್ತಿದ್ದೀರಿ ಅಂತ ಎಚ್ಚರಿಕೆ ಮೇಲೆ ಎಚ್ಚರಿಕೆ ಬರುತ್ತಿತ್ತು. ಅದನ್ನು ನಿಲ್ಲಿಸಲು ಎರಡು ಕಡೆ ಒಂದೊಂದು ಸಾಲನ್ನು ಕಾಮೆಂಟ್ ಮಾಡಿದರು, ಅಂದರೆ ಓಡದ ಟಿಪ್ಪಣಿಯಾಗಿ ಮಾಡಿಬಿಟ್ಟರು. ಹಾಗೆ ಮಾಡಬಹುದಾ ಅಂತ ಓಪನ್‌ಎಸ್‌ಎಸ್‌ಎಲ್ ಕಡೆಯವರನ್ನು ಕೇಳಿಯೂ ಇದ್ದರು. ಎರಡರಲ್ಲಿ ಒಂದು ಸಾಲು ಹೋದರೆ ಏನೂ ಆಗುತ್ತಿರಲಿಲ್ಲ. ಇನ್ನೊಂದು, ರ‍್ಯಾಂಡಮ್ ನಂಬರ್ ತಯಾರಿಸುವ ಮಡಕೆಗೆ ಹೊರಗಿನಿಂದ ಬಂದ ಅನಿಶ್ಚಿತತೆಯನ್ನು ಸುರಿಯುವ ಸಾಲು! ಅದು ನಿಂತುಹೋದ ಮೇಲೆ ಮಡಕೆಗೆ ಬೀಳುತ್ತಿದ್ದ, ಸಲದಿಂದ ಸಲಕ್ಕೆ ಬದಲಾಗುವ ವಸ್ತು ಅಂದರೆ ಪ್ರೋಸೆಸ್ ನಂಬರ್ (ಓಡುವ ಪ್ರತಿ ಪ್ರೋಗ್ರಾಂಗೆ ಯಂತ್ರ ಕೊಡುವ ನಂಬರ್) ಒಂದೇ. ಲಿನಕ್ಸ್‌ನಲ್ಲಿ ಅದು ಸಾಮಾನ್ಯವಾಗಿ 32,768ರ ಒಳಗೇ ಇರುತ್ತಿತ್ತು. ಅಂದರೆ ಒಂದು ಬಗೆಯ ಯಂತ್ರದಲ್ಲಿ, ಒಂದು ಅಳತೆಯ ಕೀ ಮಾಡಿಸಿದರೆ, ಲೋಕದಲ್ಲಿ ಇರಬಹುದಾದ ಕೀಗಳು ಸುಮಾರು 32 ಸಾವಿರ ಮಾತ್ರ. ಒಬ್ಬ ಮನುಷ್ಯ ಕೂತು ಎಲ್ಲವನ್ನೂ ಮೊದಲೇ ಮಾಡಿಟ್ಟುಕೊಳ್ಳಬಹುದು. ಆ ವರ್ಷ ಸೆಪ್ಟೆಂಬರ್‌ನಲ್ಲಿ ಇದು ಪ್ಯಾಕೇಜ್ ಆಗಿ ಹೊರಗೆ ಹೋಯಿತು. ಉಬುಂಟು ಕೂಡ ಡೆಬಿಯನ್‌ನಿಂದಲೇ ತೆಗೆದುಕೊಳ್ಳುವುದರಿಂದ ಅಲ್ಲಿಗೂ ಹೋಯಿತು. ಗೊತ್ತಾಗಿ ಜಾಹೀರಾದದ್ದು 2008ರ ಮೇ 13ಕ್ಕೆ. ಎಷ್ಟೋ ಜನ ರಾತ್ರೋರಾತ್ರಿ ಸರ್ವರ್ ಕೀಗಳನ್ನೆಲ್ಲ ಬದಲಾಯಿಸಿದರು.

ನಮ್ಮ ಮಾತಿಗೆ ಬೇಕಾದ ಸಂಗತಿ ಈಗ ಬರುತ್ತದೆ. ಆ ಮುಖ್ಯ ಸಾಲನ್ನು ಹೇಗೆ ಕಾಮೆಂಟ್ ಮಾಡಿದ್ದರು? ಸಾಲನ್ನು ಮುಟ್ಟಲಿಲ್ಲ. ಅದರ ಮೇಲೆ ಕಾಮೆಂಟ್ ತೆರೆಯುವ ಗುರುತು ಮತ್ತು ಒಂದು ಟಿಪ್ಪಣಿ, ಕೆಳಗೆ ಮುಚ್ಚುವ ಗುರುತು. ಬಂದ ಸಾಲು ಮೂರು, ಹೋದ ಸಾಲು ಸೊನ್ನೆ. ಕೊಲೆಯಾದ ಸಾಲು ಡಿಫ್‌ನಲ್ಲಿ ಪಕ್ಕದ ಸಾಲಾಗಿ ನಿಂತಿದೆ, ಮುಂದೆ ಖಾಲಿ ಜಾಗ, ಏನೂ ಆಗದವರ ಥರ. ರೆಮ್ ಹಾಕಿ ಆ ಫಂಕ್ಷನ್ ಹೆಸರು ಹುಡುಕಿದರೆ ಈ ಹಂಕ್ ಸಿಗುವುದಿಲ್ಲ. ಆಡ್ ಹಾಕಿದರೂ ಇಲ್ಲ. ಆಲ್ ಹಾಕಿದರೆ ಮಾತ್ರ ಸಿಗುತ್ತದೆ.

ಅಂದರೆ ನನ್ನ ಶುಕ್ರವಾರಕ್ಕೆ ಪೂರ್ತಿ ಉಲ್ಟಾ. ಅಲ್ಲಿ ಪಕ್ಕದ ಸಾಲು ನನಗೆ ಮೋಸ ಮಾಡಿತು, ಇಲ್ಲಿ ಪಕ್ಕದ ಸಾಲನ್ನು ಬಿಟ್ಟರೆ ಮೋಸ ಹೋಗುತ್ತೇವೆ. ನಾನೀಗ ಮಾಡುವುದು ಹೀಗೆ. "ಫಿಕ್ಸ್ ಬಂತಾ" ಅನ್ನೋ ಪ್ರಶ್ನೆಗೆ ಆಡ್. "ಈ ಸೂಕ್ಷ್ಮ ಜಾಗಕ್ಕೆ ಯಾರಾದರೂ ಕೈ ಹಾಕಿದ್ದಾರಾ" ಅನ್ನೋ ಪ್ರಶ್ನೆಗೆ ಆಲ್, ಅದೂ ಹಂಕ್ ಪೂರ್ತಿ ಕಾಣುವ ಹಾಗೆ, ಮತ್ತೆ ಕಣ್ಣಿಟ್ಟು ಓದುವುದು. ಪಾಸ್‌ವರ್ಡ್, ಕೀ, ರ‍್ಯಾಂಡಮ್, ಮೆಮೊರಿ ಅಳತೆ ಇಂಥವುಗಳ ಸುತ್ತ ಆಡಿದ ಯಾವ ಹಂಕ್ ಇದ್ದರೂ ಹೊರಗೆ ತೆಗೆದು ಓದುತ್ತೇನೆ. ನಮೂನೆಗಳನ್ನೆಲ್ಲ ಒಂದು ಫೈಲಿನಲ್ಲಿ ಬರೆದಿಟ್ಟಿದ್ದೇನೆ, ಸಾಲಿಗೊಂದು. ಸಣ್ಣ ಎಫ್ ಆಪ್ಷನ್‌ಗೆ ಆ ಫೈಲ್ ಕೊಟ್ಟರೆ ಆಯಿತು.

ನಮೂನೆ ಹುಡುಕಿ ಎಲ್ಲಾ ಹಿಡಿಯುತ್ತೇನೆ ಅಂದುಕೊಳ್ಳಲೂ ಬೇಡಿ. 2024ರಲ್ಲಿ ಎಕ್ಸ್‌ಜೆಡ್ ಅನ್ನೋ, ಫೈಲ್ ಒತ್ತಿ ಚಿಕ್ಕದು ಮಾಡುವ ಪ್ರೋಗ್ರಾಂನಲ್ಲಿ ಕಳ್ಳಬಾಗಿಲು ಸಿಕ್ಕಿದ ಸುದ್ದಿ ಓದಿರುತ್ತೀರಿ. ಅದೇ ಸಮಯದಲ್ಲಿ ಆ ಪ್ರಾಜೆಕ್ಟ್‌ನ ಬಿಲ್ಡ್ ಫೈಲಿನಲ್ಲಿ ಇನ್ನೊಂದು ಕಿತಾಪತಿ ಸಿಕ್ಕಿತು. ಒಂದು ಭದ್ರತಾ ಸೌಲಭ್ಯ ಈ ಯಂತ್ರದಲ್ಲಿ ಇದೆಯಾ ಅಂತ ಪರೀಕ್ಷಿಸುವ ಪುಟ್ಟ ಸಿ ಪ್ರೋಗ್ರಾಂ ಒಳಗೆ, ಒಂದು ಒಂಟಿ ಚುಕ್ಕಿ. ಅಷ್ಟೇ. ಚುಕ್ಕಿ ಇದ್ದರೆ ಆ ಪ್ರೋಗ್ರಾಂ ಕಂಪೈಲ್ ಆಗುವುದಿಲ್ಲ, ಕಂಪೈಲ್ ಆಗದಿದ್ದರೆ ಸೌಲಭ್ಯ ಇಲ್ಲ ಅಂತ ತೀರ್ಮಾನ, ಯಾವಾಗಲೂ. ಒಂಟಿ ಚುಕ್ಕಿಯನ್ನು ಹುಡುಕಬೇಕು ಅಂತ ಯಾರಿಗೆ ಮೊದಲೇ ಹೊಳೆಯುತ್ತದೆ?

ಇನ್ನು ದಿನಾ ಉಪಯೋಗಕ್ಕೆ ಬರುವ ಒಂದು ಆಟ. ನೀವು ಕೋಡ್ ಬರೆಯುವಾಗ ಮಧ್ಯೆ ಮಧ್ಯೆ ಪ್ರಿಂಟ್ ಸಾಲು ಹಾಕಿಕೊಂಡಿರುತ್ತೀರಿ, ಜೊತೆಗೆ ಹತ್ತು ಫೈಲಿನಲ್ಲಿ ಒಂದು ಫಂಕ್ಷನ್ ಹೆಸರು ಬದಲಾಯಿಸಿರುತ್ತೀರಿ. ಹೆಸರು ಬದಲಾಯಿಸಿದ್ದು ಮಾತ್ರ ಗಿಟ್‌ನಲ್ಲಿ (ಕೋಡಿನ ಇತಿಹಾಸ ಕಾಯುವ ಪ್ರೋಗ್ರಾಂ) ಕಮಿಟ್ ಮಾಡಬೇಕು, ಅಂದರೆ ದಾಖಲಿಸಬೇಕು. ಗಿಟ್ ಆಡ್ -ಪಿ ಹೊಡೆದು ಒಂದೊಂದೇ ಹಂಕ್‌ಗೆ ವೈ, ಎನ್ ಒತ್ತುತ್ತಾ ಕೂರಬಹುದು, ಎಪ್ಪತ್ತು ಹಂಕ್ ಆದ ಮೇಲೆ ಕೈ ತಾನಾಗೇ ವೈ ಒತ್ತಲು ಶುರು ಮಾಡುತ್ತದೆ. ಬದಲಿಗೆ ಗಿಟ್ ಡಿಫ್ ಅನ್ನು -ಯು0 ಹಾಕಿ ಓಡಿಸಿ, ಪೈಪ್ ಮಾಡಿ (ಬಂದದ್ದನ್ನು ನೇರ ಮುಂದಿನ ಕಮಾಂಡ್‌ಗೆ ಹರಿಸಿ) ಗ್ರೆಪ್‌ಡಿಫ್‌ಗೆ ಹೊಸ ಹೆಸರು ಕೊಟ್ಟು ಹಂಕ್ ಹೊರಗೆ ತೆಗೆಯಿರಿ, ಅದನ್ನು ಗಿಟ್ ಅಪ್ಲೈ --ಕ್ಯಾಶ್ಡ್ --ಯುನಿಡಿಫ್-ಜೀರೋ ಗೆ ಪೈಪ್ ಮಾಡಿ. ಹೆಸರು ಬದಲಾದ ಹಂಕ್‌ಗಳು ಮಾತ್ರ ಸ್ಟೇಜ್ ಆಗುತ್ತವೆ, ಅಂದರೆ ಮುಂದಿನ ಕಮಿಟ್‌ಗೆ ಸಿದ್ಧವಾಗುತ್ತವೆ.

-ಯು0 ಯಾಕೆ? ಪಕ್ಕದ ಸಾಲು ಸೊನ್ನೆ ಇರಲಿ ಅಂತ. ಆಗ ಹಂಕ್‌ಗಳು ಚಿಕ್ಕದಾಗುತ್ತವೆ, ಪ್ರಿಂಟ್ ಸಾಲು ಮತ್ತು ಹೆಸರಿನ ಸಾಲು ಹತ್ತಿರ ಇದ್ದರೂ ಬೇರೆಬೇರೆ ಹಂಕ್ ಆಗುತ್ತವೆ (ಒಂದಕ್ಕೊಂದು ಅಂಟಿಕೊಂಡಿದ್ದರೆ ಮಾತ್ರ ಒಟ್ಟಿಗೇ ಬರುತ್ತವೆ, ಏನೂ ಮಾಡಲಾಗದು). ಆದರೆ ಈಗ ವಿಳಾಸದಲ್ಲಿ ಆಲದ ಮರವೂ ಇಲ್ಲ, ರೇಷನ್ ಅಂಗಡಿಯೂ ಇಲ್ಲ, ಬರೀ ಮನೆ ನಂಬರ್. ಅದಕ್ಕೇ ಗಿಟ್ ಅಪ್ಲೈ ಸಾಮಾನ್ಯವಾಗಿ ಇಂಥ ಪ್ಯಾಚ್ ಮುಟ್ಟುವುದಿಲ್ಲ, ಯುನಿಡಿಫ್-ಜೀರೋ ಅಂತ ನಾವೇ ಒತ್ತಾಯ ಮಾಡಬೇಕು. ನಿಮ್ಮದೇ ಫೋಲ್ಡರ್, ಈಗಷ್ಟೇ ಮಾಡಿದ ಡಿಫ್, ಹಾಗಾಗಿ ಇಲ್ಲಿ ಪರವಾಗಿಲ್ಲ. ಬೇರೆಯವರು ಮೇಲ್‌ನಲ್ಲಿ ಕಳಿಸಿದ ಪ್ಯಾಚ್‌ಗೆ ಹೀಗೆ ಮಾಡಿದರೆ ನೇರ ಪಕ್ಕದ ಮನೆಗೆ ನುಗ್ಗುತ್ತೀರಿ.

ಮುಂದಿನ ಸಾಲಿನಲ್ಲಿ ಕೂತಿದ್ದ ಒಬ್ಬ ಹುಡುಗಿ ಇಲ್ಲಿ ಕೇಳಿದಳು: "ಸರ್, ಗಿಟ್ ಇದ್ದ ಮೇಲೆ ಇದೆಲ್ಲ ಯಾಕೆ? ಗಿಟ್ ಲಾಗ್‌ನಲ್ಲೇ ಹುಡುಕಬಹುದಲ್ಲ."

ಹುಡುಕಬಹುದು. ಇತಿಹಾಸ ನಿಮ್ಮ ಹತ್ತಿರ ಇದ್ದರೆ ಅದೇ ಒಳ್ಳೆಯದು. ಮೇಲ್‌ನಲ್ಲಿ ಬಂದ ಪ್ಯಾಚ್, ವೆಂಡರ್ ಜಿಪ್ ಮಾಡಿ ಕಳಿಸಿದ್ದು, ಡೆಬಿಯನ್ ಪ್ಯಾಕೇಜ್‌ನ ಪ್ಯಾಚಸ್ ಫೋಲ್ಡರ್, ಕರ್ನಲ್‌ನ ಒಂದು ಆವೃತ್ತಿಯಿಂದ ಇನ್ನೊಂದಕ್ಕೆ ಬಿಡುವ ಒತ್ತಿಟ್ಟ ಪ್ಯಾಚ್, ಇಂಥ ಕಡೆ ಕೈಯಲ್ಲಿರುವುದು ಬರೀ ಪ್ಯಾಚ್. ಅಲ್ಲಿ ಗ್ರೆಪ್‌ಡಿಫ್. ಗಿಟ್ ಕಡೆ ಎರಡು ಆಪ್ಷನ್ ಇವೆ, ಜನ ಎರಡನ್ನೂ ಒಂದೇ ಅಂದುಕೊಳ್ಳುತ್ತಾರೆ. ಕ್ಯಾಪಿಟಲ್ ಎಸ್ ಮತ್ತು ಕ್ಯಾಪಿಟಲ್ ಜಿ. ಎಸ್‌ಗೆ ಗಿಟ್‌ನವರು ಇಟ್ಟ ಹೆಸರು ಪಿಕಾಸಿ, ನಿಜವಾಗಲೂ, ಗಾರೆ ಕೆಲಸದವರ ಪಿಕಾಸಿ.

ದರಪಟ್ಟಿಯನ್ನೇ ಗಿಟ್‌ನಲ್ಲಿ ಇಟ್ಟಿದ್ದೀರಿ ಅಂದುಕೊಳ್ಳಿ. ದೋಸೆ 70 ಇದ್ದದ್ದು 80 ಆಯಿತು. ಗಿಟ್ ಲಾಗ್ -ಎಸ್ "ದೋಸೆ" ಅಂತ ಹುಡುಕಿದರೆ ಆ ಕಮಿಟ್ ಬರುವುದಿಲ್ಲ! ಯಾಕೆಂದರೆ ಎಸ್ ಎಣಿಸುತ್ತದೆ. ಮೊದಲು ಫೈಲಿನಲ್ಲಿ ದೋಸೆ ಎಷ್ಟು ಸಲ ಇತ್ತು, ಒಂದು. ಆಮೇಲೆ, ಒಂದು. ಲೆಕ್ಕ ಸರಿಹೋಯಿತು, ಮುಂದೆ ನಡೆ. "ದೋಸೆ 80" ಅಂತ ಕೊಟ್ಟರೆ ಬರುತ್ತದೆ, ಸೊನ್ನೆ ಇದ್ದದ್ದು ಒಂದಾಗಿದೆ. ಜಿ ಹಾಗಲ್ಲ, ಅದು ಬಂದ ಮತ್ತು ಹೋದ ಸಾಲುಗಳಲ್ಲಿ ನಮೂನೆ ಇದೆಯಾ ಅಂತ ನೋಡುತ್ತದೆ. ಜಿ "ದೋಸೆ" ಅಂದರೆ ರೇಟು ಬದಲಾದ ಪ್ರತಿ ಕಮಿಟ್ ಬರುತ್ತದೆ. ವಡೆಯನ್ನು ಬೆಳಗಿನ ತಿಂಡಿಯಿಂದ ತೆಗೆದು ಅದೇ ಫೈಲಿನ ಸಂಜೆ ತಿಂಡಿಗೆ ಹಾಕಿದರೆ ಎಸ್‌ಗೆ ಕಾಣುವುದಿಲ್ಲ, ಜಿಗೆ ಕಾಣುತ್ತದೆ. ಒಂದು ಫಂಕ್ಷನ್ ಮೊದಲ ಸಲ ಹುಟ್ಟಿದ್ದು ಯಾವಾಗ, ಸತ್ತದ್ದು ಯಾವಾಗ ಅಂತ ತಿಳಿಯಲು ಎಸ್‌ಗೆ ಸಾಟಿ ಇಲ್ಲ. ಮಧ್ಯದ ಬಾಳು ನೋಡಲು ಜಿ. ಇನ್ನು --ಗ್ರೆಪ್ ಅಂತ ಒಂದಿದೆ, ಅದು ಕಮಿಟ್ ಸಂದೇಶದಲ್ಲಿ ಹುಡುಕುವುದು. ಕೋಡ್ ಮುಟ್ಟುವುದೇ ಇಲ್ಲ.

ಈಗ ಕನ್ನಡಕ್ಕೆ ಬರೋಣ. ನಿಮ್ಮಲ್ಲಿ ಕೆಲವರು ಸಾಫ್ಟ್‌ವೇರ್‌ಗಳನ್ನು ಕನ್ನಡಕ್ಕೆ ತರುವ ಕೆಲಸ ಮಾಡುತ್ತಿದ್ದೀರಿ ಅಂತ ಕೇಳಿದೆ, ಖುಷಿಯಾಯಿತು. ಅನುವಾದದ ಪಿಒ ಫೈಲ್‌ಗಳ (ಮೂಲ ಮಾತು, ಅದರ ಅನುವಾದ ಜೋಡಿಯಾಗಿ ಇರುವ ಫೈಲ್) ಪ್ಯಾಚ್ ನೋಡಿದರೆ ತಲೆ ತಿರುಗುತ್ತದೆ, ಅಲ್ವಾ? ಅನುವಾದ ಬದಲಾಗಿರುವುದು ಐದು ಸಾಲು, ಪ್ಯಾಚ್ ಮಾತ್ರ ಎರಡು ಸಾವಿರ ಸಾಲು. ಈ ಪದ ಮೂಲ ಕೋಡಿನ ಎಷ್ಟನೇ ಸಾಲಿನಲ್ಲಿದೆ ಅನ್ನೋ ಕಾಮೆಂಟ್‌ಗಳು ಪ್ರತಿ ಸಲ ಕದಲುತ್ತವೆ, ಅದೆಲ್ಲ ಬಂದು ಕೂರುತ್ತದೆ. ಇಲ್ಲಿ ಗ್ರೆಪ್‌ಡಿಫ್ ತುಂಬಾ ಕೆಲಸಕ್ಕೆ ಬರುತ್ತದೆ. ಕನ್ನಡ ಪದವನ್ನೇ ನಮೂನೆಯಾಗಿ ಕೊಡಿ, ಮಾಡ್ ಹಾಕಿ, ಹಂಕ್ ಹೊರಗೆ ತೆಗೆಯಿರಿ.

ಆದರೆ ಕನ್ನಡದಲ್ಲಿ ಹುಡುಕುವಾಗ ಒಂದು ಗುಂಡಿ ಇದೆ. ಇದಕ್ಕೆ ನಾನೇ ಬಿದ್ದಿದ್ದೇನೆ. "ಪಾಸ್‌ವರ್ಡ್" ಅಂತ ಬರೆದದ್ದನ್ನೆಲ್ಲ "ಗುಪ್ತಪದ" ಮಾಡಿದ ಪ್ಯಾಚ್ ಒಂದನ್ನು ನೋಡುತ್ತಿದ್ದೆ. ಎಲ್ಲಾ ಹೋಗಿದೆಯಾ ಅಂತ ರೆಮ್ ಹಾಕಿ ಹುಡುಕಿದೆ, ಕಣ್ಣಿಗೆ ಕಾಣುವ ಅರ್ಧದಷ್ಟೂ ಸಿಗಲಿಲ್ಲ. "ಪಾಸ್‌ವರ್ಡ್" ಮತ್ತು "ಪಾಸ್ವರ್ಡ್" ಎರಡನ್ನೂ ನೋಡಿ. ಮೊದಲನೆಯದರಲ್ಲಿ ಸ್ ಮತ್ತು ವ ನಡುವೆ ಕಣ್ಣಿಗೆ ಕಾಣದ ಒಂದು ಅಕ್ಷರ ಇದೆ, ಒತ್ತಕ್ಷರ ಆಗದ ಹಾಗೆ ತಡೆಯುವುದು. ಯುನಿಕೋಡ್‌ನಲ್ಲಿ (ಅಕ್ಷರಗಳಿಗೆಲ್ಲ ನಂಬರ್ ಕೊಡುವ ಪದ್ಧತಿ) ಅದಕ್ಕೆ ಸ್ವಂತ ನಂಬರ್ ಇದೆ, ಯುಟಿಎಫ್-8ರಲ್ಲಿ 3 ಬೈಟ್ ಜಾಗ ತಿನ್ನುತ್ತದೆ. ನಾನು ಟೈಪ್ ಮಾಡಿದ ಪದದಲ್ಲಿ ಅದು ಇತ್ತು, ಫೈಲಿನಲ್ಲಿ ಕೆಲವು ಕಡೆ ಇರಲಿಲ್ಲ. ಮನುಷ್ಯರಿಗೆ ಅದೇ ಪದ, ಯಂತ್ರಕ್ಕೆ ಬೇರೆ.

ಅದಕ್ಕಿಂತ ಕಳ್ಳ ಇನ್ನೊಬ್ಬ ಇದ್ದಾನೆ. "ಕೊ" ಅಂತ ಬರೆಯಲು ಯುನಿಕೋಡ್‌ನಲ್ಲಿ ಎರಡು ದಾರಿ. ಕ ಆದ ಮೇಲೆ ಒ ಸ್ವರದ ಒಂದೇ ಚಿಹ್ನೆ ಹಾಕಬಹುದು, ಇಲ್ಲಾ ಎ ಸ್ವರದ ಚಿಹ್ನೆ ಹಾಕಿ ಅದರ ಪಕ್ಕ ಊ ಸ್ವರದ ಚಿಹ್ನೆ ಹಾಕಬಹುದು, ನಾವು ಕೈಯಲ್ಲಿ ಬರೆಯುವಾಗ ಕೊಂಬು ಎಳೆಯುವ ಥರ. ಪರದೆ ಮೇಲೆ ಎರಡೂ ಒಂದೇ, ಭೂತಗನ್ನಡಿ ಹಿಡಿದರೂ ವ್ಯತ್ಯಾಸ ಇಲ್ಲ. ಎರಡನ್ನೂ ಸಮ ಅಂತ ತಿಳಿಯಬೇಕು ಅಂತ ಯುನಿಕೋಡ್ ನಿಯಮ ಹೇಳುತ್ತದೆ, ಗ್ರೆಪ್‌ಡಿಫ್ ಆ ನಿಯಮ ಓದಿಲ್ಲ. ಅದು ಬೈಟ್ ನೋಡುತ್ತದೆ. ಕೀ, ಕೇ, ಕೈ, ಕೋ ಇವುಗಳಿಗೂ ಇದೇ ಪಾಡು.

ದಾರಿ ಏನು? ತಕರಾರು ಬರುವ ಜಾಗದಲ್ಲಿ ಚುಕ್ಕಿ ಮತ್ತು ನಕ್ಷತ್ರ ಹಾಕಿ: ಪಾಸ್.*ವರ್ಡ್. ಮಧ್ಯೆ ಏನಿದ್ದರೂ, ಏನೂ ಇಲ್ಲದಿದ್ದರೂ ಸಿಗುತ್ತದೆ. ಸ್ವಲ್ಪ ಕಸವೂ ಬರುತ್ತದೆ, ಬರಲಿ. ಪಿಒ ಫೈಲಿನಲ್ಲಿ ಉದ್ದ ವಾಕ್ಯಗಳನ್ನು ಎರಡು ಮೂರು ಸಾಲಿಗೆ ಮುರಿದಿರುತ್ತಾರೆ ಅನ್ನೋದೂ ನೆನಪಿರಲಿ. ಈ ಹುಡುಕಾಟವೆಲ್ಲ ಸಾಲಿನ ಒಳಗೇ ನಡೆಯುವುದು, ಹಾಗಾಗಿ ಎರಡು ಪದದ ನುಡಿಗಟ್ಟು ಕೊಟ್ಟರೆ ಒಂದು ಪದ ಮೇಲಿನ ಸಾಲಿನಲ್ಲಿ, ಇನ್ನೊಂದು ಕೆಳಗೆ ಇದ್ದು ತಪ್ಪಿಸಿಕೊಳ್ಳುತ್ತದೆ. ಒಂದೇ ಪದ ಕೊಡಿ, ಅದೂ ಆದಷ್ಟು ಸರಳ ಕಾಗುಣಿತದ ತುಂಡು.

ಮಾತು ಮುಗಿಸಿ ಲ್ಯಾಪ್‌ಟಾಪ್ ಮುಚ್ಚುವಷ್ಟರಲ್ಲಿ ಹಿಂದಿನ ಬೆಂಚಿನ ಇಬ್ಬರು ಹುಡುಗರು ಬಂದರು. ಅವರ ಹತ್ತಿರ ಅನುವಾದದ ಒಂದು ಪ್ಯಾಚ್ ಇತ್ತು, ಒಂದು ವಾರದಿಂದ ಕಳಿಸದೆ ಇಟ್ಟುಕೊಂಡಿದ್ದರಂತೆ. "ಫೋಲ್ಡರ್" ಅಂತ ಇದ್ದದ್ದನ್ನೆಲ್ಲ "ಕಡತಕೋಶ" ಮಾಡಿದ್ದೇವೆ ಸರ್, ಎಲ್ಲೂ ಬಿಟ್ಟಿಲ್ಲ ಅಂದರು. ಪ್ಯಾಚ್‌ಯುಟಿಲ್ಸ್ ಇನ್‌ಸ್ಟಾಲ್ ಮಾಡಿಸಿದೆ, ಕಾಲೇಜಿನ ವೈಫೈಗೆ ಎರಡು ನಿಮಿಷ ಹಿಡಿಯಿತು. ಆಡ್ ಹಾಕಿ "ಫೋಲ್ಡರ್" ಹುಡುಕಿದರು, ಖಾಲಿ. ಮುಖ ಅರಳಿತು. ಫೋ ಅನ್ನೋ ಅಕ್ಷರದ ಸ್ವರ ಬಿಟ್ಟು ಹುಡುಕಿ ಅಂದೆ: ಫ.*ಲ್ಡರ್. ಮೂರು ಫೈಲ್ ಬಂತು. ಹಂಕ್ ತೆಗೆದು ನೋಡಿದರೆ ಮೂರರಲ್ಲೂ ಅವರದೇ ಕೈಬರಹ, ಅವರೇ ಹೊಸದಾಗಿ ಸೇರಿಸಿದ ಸಾಲು. ಒಬ್ಬ ಇನ್ನೊಬ್ಬನ ಕಡೆ ತಿರುಗಿ, "ಇದು ನಿನ್ನ ಕೀಬೋರ್ಡ್ ಲೇಔಟ್ ಮಾಡಿದ್ದು ಕಣೋ" ಅಂದ.